ಹೈದರಾಬಾದಿನ ಮಾಸ್ತರು: ರಹೀಂ ಸಾಬ್

ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಮಾಯವಾಗುವುದು ಆಟದ ಪಿರಿಯಡ್. ಗಣಿತದವರು ಒಂದು ದಿನ ಕೇಳಿ ಪಡೆಯುತ್ತಾರೆ, ವಿಜ್ಞಾನದವರು ಇನ್ನೊಂದು ದಿನ. ಡ್ರಿಲ್ ಮಾಸ್ತರು ಸೀಟಿ ಜೇಬಿಗಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ನಾನು ಓದುವಾಗಲೂ ಹೀಗೇ ಇತ್ತು. ಚಿಗಟೇರಿ, ಹರಪನಹಳ್ಳಿ ಕಡೆಯ ನಮ್ಮ ಮಕ್ಕಳಿಗೆ ಕಬಡ್ಡಿ, ಖೋಖೋ, ಕ್ರಿಕೆಟ್ ಗೊತ್ತು. ಫುಟ್‌ಬಾಲ್ ಸ್ವಲ್ಪ ದೂರದ ಆಟ. ಆದರೆ ಆ ಆಟದಲ್ಲಿ ಭಾರತವನ್ನು ಏಷ್ಯಾದ ಮೊದಲ ಸ್ಥಾನಕ್ಕೆ ಏರಿಸಿದವರು ಒಬ್ಬ ಶಾಲಾ ಮಾಸ್ತರು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಅವರೇ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನ ಆಟಗಾರರ ಬಾಯಲ್ಲಿ ಅವರು ರಹೀಂ ಸಾಬ್.

ಅವರು ಹುಟ್ಟಿದ್ದು 1909ರಲ್ಲಿ. ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತುಂಗಭದ್ರೆ ದಾಟಿ ಕೊಪ್ಪಳದ ಕಡೆ ಕಾಲಿಟ್ಟರೆ ನಿಜಾಮರ ರಾಜ್ಯ, ಅದರ ರಾಜಧಾನಿ ಹೈದರಾಬಾದ್. ರಹೀಂ ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು. ಓದುವಾಗಲೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಆಮೇಲೆ ಹಿಡಿದದ್ದು ಮಾಸ್ತರಿಕೆ. ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಶಾಲೆಯ ಆಟೋಟಗಳ ಹೊಣೆ ಹೊತ್ತರು. ಮುಂದೆ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ ಕೊನೆಯವರೆಗೂ ದುಡಿದರು.

ಅವರ ಕೆಲಸದ ರೀತಿಯೇ ಬೇರೆಯಾಗಿತ್ತು. ಆ ಕಾಲದಲ್ಲಿ ಚೆಂಡು ಸಿಕ್ಕಿದವನು ಬಿಡದೆ ಕಾಲಲ್ಲಿ ಆಡಿಸುತ್ತಾ ಓಡುವುದೇ ದೊಡ್ಡ ಆಟ ಎನಿಸಿಕೊಳ್ಳುತ್ತಿತ್ತು. ರಹೀಂ ಸಾಬ್ ಚೆಂಡನ್ನು ಹಾಗೆ ಆಡಿಸಿಕೊಂಡು ಓಡಲು ಅವಕಾಶವೇ ಇಲ್ಲದ ಪಂದ್ಯಾವಳಿಗಳನ್ನು ನಡೆಸಿದರು. ಚೆಂಡು ಬಂತೋ, ಜೊತೆಗಾರನಿಗೆ ಕೊಡಬೇಕು, ಅಷ್ಟೆ. ಇನ್ನು ಕೆಲವು ಪಂದ್ಯಗಳಲ್ಲಿ ರೂಢಿಯಿಲ್ಲದ ಕಾಲಿನಿಂದಷ್ಟೇ ಒದೆಯಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಮೊದಮೊದಲು ನಗೆಪಾಟಲಾಗುವಂಥ ಆಟವೇ ಸರಿ. ಆದರೆ ಹೀಗೆ ಪಳಗಿದ ಹುಡುಗ ದೊಡ್ಡವನಾದಾಗ ಎರಡೂ ಕಾಲಿನಿಂದ ಆಡಬಲ್ಲವನಾಗಿರುತ್ತಿದ್ದ. ಕಾಪಿ ತಿದ್ದುವ ಮಾಸ್ತರಿಗೆ ಹೊಳೆಯುವ ಉಪಾಯ ಇದು ಎಂದು ನನ್ನ ಅನಿಸಿಕೆ. ಹುಡುಗನಿಗೆ ಯಾವುದು ಬರುವುದಿಲ್ಲವೋ ಅದನ್ನೇ ಮತ್ತೆ ಮತ್ತೆ ಬರೆಸುವುದು.

1950ರಲ್ಲಿ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ವರ್ಷವೇ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಸೋತಿತು. 1950ರಿಂದ 1954ರವರೆಗೆ ಸತತ 5 ವರ್ಷ ಬೊಂಬಾಯಿಯ ರೋವರ್ಸ್ ಕಪ್ ಹೈದರಾಬಾದಿಗೇ ಬಂತು. ನೂರ್ ಮುಹಮ್ಮದ್, ಅಜೀಜುದ್ದೀನ್, ಲತೀಫ್ ಮುಂತಾದವರು ಈ ಗರಡಿಯಲ್ಲಿ ಬೆಳೆದು ದೇಶದ ಪರವಾಗಿ ಆಡಿದರು.

ತುಳಸೀದಾಸ್ ಬಲರಾಂ ಎಂಬ ಹುಡುಗನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸಿಕಂದರಾಬಾದಿನ ಬಡ ಮನೆಯ ಹುಡುಗ. ಅವನ ಆಟ ಕಂಡು ರಹೀಂ ಸಾಬ್ ಹೈದರಾಬಾದಿಗೆ ಅಭ್ಯಾಸಕ್ಕೆ ಬರಲು ಕರೆದರು. ಅಷ್ಟು ದೂರ ದಿನವೂ ಹೋಗಿಬರಲು ಹುಡುಗನ ಕೈಯಲ್ಲಿ ಕಾಸಿಲ್ಲ. ಬಾಡಿಗೆ ಸೈಕಲ್ಲಿಗೆಂದು ದಿನಕ್ಕೆ 1 ರೂಪಾಯಿಯನ್ನು ರಹೀಂ ಸಾಬ್ ತಾವೇ ಕೊಟ್ಟರು. ಆ ಬಲರಾಂ ಮುಂದೆ ಎರಡು ಒಲಿಂಪಿಕ್ಸ್ ಆಡಿದರು, ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ರೂಪಾಯಿಯನ್ನು ಮರೆಯಲಿಲ್ಲ.

ಭಾರತ ತಂಡದ ಹೊಣೆಯೂ ಅವರ ಪಾಲಿಗೆ ಬಂತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ. ಮರು ವರ್ಷವೇ ಪೆಟ್ಟು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ 10-1ರಿಂದ ಬಗ್ಗುಬಡಿಯಿತು. ಭಾರತದ ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು, ನೆಲವೋ ಚಳಿಯ ನೆಲ. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಹಂಗೇರಿ. ಅವರ ಹೊಸ ಬಗೆಯ ಆಟ ರಹೀಂ ಸಾಬರ ಯೋಜನೆಯಲ್ಲೂ ಬೆರೆಯಿತು. 4-2-4 ಎಂಬ ಆಟದ ಹಂಚಿಕೆಯನ್ನು 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಹೆಸರುವಾಸಿ ಮಾಡುವ ಮೊದಲೇ ಅವರು ಬಳಸಿದ್ದರೆಂದು ಫುಟ್‌ಬಾಲ್ ಬಲ್ಲವರು ಹೇಳುತ್ತಾರೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಇದರ ಫಲ ಕಂಡಿತು. ಹಂಗೇರಿ ಹಿಂದೆ ಸರಿದದ್ದರಿಂದ ಮೊದಲ ಸುತ್ತು ಆಡದೆಯೇ ಕಳೆಯಿತು. ಆಮೇಲೆ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಒಬ್ಬರದೇ 3 ಗೋಲು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಅದು. ಅಂದಿನ ಮೈಸೂರು ರಾಜ್ಯದ ಕೆಂಪಯ್ಯನವರೂ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯ ಅಡ್ಡ ಬಂತು, ಭಾರತಕ್ಕೆ ನಾಲ್ಕನೆಯ ಸ್ಥಾನ.

1960ರ ರೋಂ ಒಲಿಂಪಿಕ್ಸ್‌ನಲ್ಲಿ ಹಂಗೇರಿಗೆ 2-1ರಿಂದ ಸೋತರೂ ಫ್ರಾನ್ಸ್ ವಿರುದ್ಧ 1-1ರ ಸಮ ಮಾಡಿಕೊಂಡರು. ಆ ತಂಡದಲ್ಲಿ ರಹೀಂ ಸಾಬರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಅಷ್ಟು ದೂರ ಹೋದ ಮಗನಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ತಂದೆಯೇ ತರಬೇತುದಾರರು! ಮನೆಯಲ್ಲಿ ಆ ಮಾತು ಹೇಗೆ ನಡೆದಿರಬಹುದೋ, ಊಹಿಸಿಕೊಳ್ಳಬೇಕಷ್ಟೆ.

1962ರ ಹೊತ್ತಿಗೆ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಹಿಡಿದಿತ್ತು. ಆ ಸ್ಥಿತಿಯಲ್ಲೇ ತಂಡವನ್ನು ಜಕಾರ್ತದ ಏಷ್ಯನ್ ಕ್ರೀಡಾಕೂಟಕ್ಕೆ ಕರೆದೊಯ್ದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ಯಿಂದ ಸೋಲಿಸಿತು. ಥಾಯ್ಲೆಂಡ್ ವಿರುದ್ಧ ಗೆದ್ದರೂ ಹಿಂದಿನ ಸಾಲಿನ ಬಲವಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು ಅವರಿಲ್ಲದೆ ಸೋಲಿಸಿದರು. ಸೆಮಿಫೈನಲ್‌ಗೆ ಜರ್ನೈಲ್ ಬೇಕು, ಆದರೆ ಹೊಲಿಗೆ ಹಾಕಿದ ತಲೆಯಿಂದ ಹಿಂದೆ ನಿಂತು ಚೆಂಡು ತಡೆಯುವುದು ಹೇಗೆ? ಜರ್ನೈಲ್ ಕಾಲೇಜಿನ ದಿನಗಳಲ್ಲಿ ಮುಂದಿನ ಸಾಲಿನಲ್ಲಿ ಆಡಿದವರೆಂಬುದು ರಹೀಂ ಸಾಬರ ನೆನಪಿನಲ್ಲಿತ್ತು. ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ದಕ್ಷಿಣ ವಿಯೆಟ್ನಾಂ 3-2ರಿಂದ ಸೋತಿತು, ಒಂದು ಗೋಲು ಜರ್ನೈಲರದು.

ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಮೈದಾನದ ತುಂಬ ಜನ, ಎಲ್ಲರೂ ಭಾರತಕ್ಕೆ ವಿರುದ್ಧ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯಾ ಪ್ರವೇಶ ಕೊಡದಿದ್ದಾಗ, ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಬಾರದೆಂದು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ವಾದಿಸಿದ್ದರು. ಅಲ್ಲಿನ ಜನರ ಸಿಟ್ಟೆಲ್ಲ ನಮ್ಮ ಆಟಗಾರರ ಮೇಲೆ ತಿರುಗಿತ್ತು. ಆ ಗದ್ದಲದ ನಡುವೆ ಭಾರತಕ್ಕೆ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು. ಈ ಸಂಗತಿ ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ಅದೇ ಜರ್ನೈಲ್ ಗೋಲು ಹೊಡೆದರು. ಕೊರಿಯಾ ಕೊನೆಗೆ ಒಂದು ಗೋಲು ತೀರಿಸಿತು, ಅಷ್ಟೇ. ನಾಯಕ ಚುನಿ ಗೋಸ್ವಾಮಿಯವರ ತಂಡಕ್ಕೆ ಚಿನ್ನ. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದವರು.

ಊರಿಗೆ ಮರಳಿದ ರಹೀಂ ಸಾಬ್ ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ 53 ವರ್ಷ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. 1960ರ ನಂತರ ಭಾರತದ ಪುರುಷರ ತಂಡ ಒಲಿಂಪಿಕ್ಸ್ ಫುಟ್‌ಬಾಲ್ ಆಡಿಯೂ ಇಲ್ಲ. ದೇಶದ ಬಹಳಷ್ಟು ಮಂದಿ ರಹೀಂ ಸಾಬರ ಹೆಸರು ಕೇಳಿದ್ದು 2024ರಲ್ಲಿ ಅವರ ಬದುಕಿನ ಮೇಲೆ ‘ಮೈದಾನ್’ ಎಂಬ ಹಿಂದಿ ಚಿತ್ರ ಬಂದಾಗ.

ರೋಂನಲ್ಲಿ ಆಡಲು ಸಿಗದ ಮಗ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ರೆಫರಿಯಾದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ತಂಡದ ಮುಖ್ಯ ತರಬೇತುದಾರರು ಜಕಾರ್ತದಲ್ಲಿ ಮೊದಲ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ. ಅವರ ಸಹಾಯಕ ತರಬೇತುದಾರರಲ್ಲಿ ಹಕೀಂ ಒಬ್ಬರು. ಒಬ್ಬರು ರಹೀಂ ಸಾಬರ ಶಿಷ್ಯ, ಇನ್ನೊಬ್ಬರು ಮಗ. ಕ್ವಾರ್ಟರ್ ಫೈನಲ್‌ನಲ್ಲಿ ಸೌದಿ ಅರೇಬಿಯಾ ಒಂದೇ ಗೋಲಿನಿಂದ ಗೆದ್ದಿತು. ಹಕೀಂ ಸಾಹೇಬರಿಗೆ 2017ರಲ್ಲಿ ಧ್ಯಾನ್ ಚಂದ್ ಪ್ರಶಸ್ತಿ ಬಂತು. ಅವರು ಕೊನೆಯುಸಿರೆಳೆದದ್ದು 2021ರ ಆಗಸ್ಟ್ 22ರಂದು, ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.