ಮರದ ಕೆಳಗೆ ಕಲಿತ ಡಾಕ್ಟರುಗಳು

ಬೆಂಗಳೂರಿಂದ ಚೆನ್ನೈ ರೈಲು ಹತ್ತಿದವರು ನೋಡಿರ್ತೀರಿ: ಕಾಟ್ಪಾಡಿ ಬಂತು ಅಂದ್ರೆ ಎಕ್ಸ್‌ರೇ ಕವರು, ಫೈಲು ಹಿಡಿದವರು ಗುಂಪಾಗಿ ಇಳೀತಾರೆ. ಹೋಗೋದು ವೆಲ್ಲೂರಿನ ಸಿಎಂಸಿಗೆ. ಅದನ್ನು ಕಟ್ಟಿದ ಐಡಾ ಸ್ಕಡರ್‌ಗೆ ಮೊದಲು ಡಾಕ್ಟರಾಗೋ ಆಸೆಯೇ ಇರಲಿಲ್ಲ.

1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಐಡಾ ಅಮೆರಿಕದ ಮಿಶನರಿ ವೈದ್ಯರ ಮನೆತನದವರು. ಅಲ್ಲೇ ಓದಿ, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದರು. ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಾಗಿಲಿಗೆ ಬಂದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಡಾಕ್ಟರಾಗಿದ್ದ ಅಪ್ಪನನ್ನು ಕರ್ಕೊಂಡು ಹೋಗಿ ಅಂದರೆ ಯಾರೂ ಒಪ್ಪಲಿಲ್ಲ. ಪರಗಂಡಸು ಮುಟ್ಟೋ ಹಾಗಿಲ್ಲ. ಐಡಾಗೆ ವೈದ್ಯ ಗೊತ್ತಿಲ್ಲ. ಬೆಳಗಾಗೋಷ್ಟರಲ್ಲಿ ಮೂವರೂ ಹೋಗಿಬಿಟ್ಟಿದ್ದರು.

1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಮುಗಿಸಿ ವಾಪಸ್ ಬಂದರು. 1902ಕ್ಕೆ ವೆಲ್ಲೂರಿನಲ್ಲಿ 40 ಹಾಸಿಗೆಯ ಆಸ್ಪತ್ರೆ. ಆದರೆ ಹಳ್ಳಿಯವರು ಅಲ್ಲೀತನಕ ಬರಬೇಕಲ್ಲ? ಅದಕ್ಕೆ ಔಷಧಿ ಪೆಟ್ಟಿಗೆಯೇ ರಸ್ತೆಗಿಳಿಯಿತು, ಮೊದಲು ಎತ್ತಿನಗಾಡಿ, ಆಮೇಲೆ ಮೋಟಾರು ಕಾರು. ವಾರವಾರವೂ ಅದೇ ದಾರಿ, ಅವೇ ಮರಗಳು. ನೆರಳಲ್ಲಿ ಜನ ಕಾದಿರುತ್ತಿದ್ದರು. ಹುಣ್ಣು ತೊಳೆಯೋದು, ಔಷಧಿ ಕೊಡೋದು ಅಲ್ಲೇ. ಜೋರಿದ್ದವರನ್ನು ಆಸ್ಪತ್ರೆಗೆ ಕರೆತರೋದು.

ಒಬ್ಬಳಿಂದ ಎಷ್ಟಾದೀತು? 1918ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಮೆಡಿಕಲ್ ಸ್ಕೂಲ್ ತೆರೆದರು. ಹುಡುಗಿಯರು ಬರ್ತಾರಾ, ಬಂದರೂ ಪಾಸಾಗ್ತಾರಾ ಅಂತ ಅನುಮಾನಪಟ್ಟವರೇ ಹೆಚ್ಚು. ಮೊದಲ ಪರೀಕ್ಷೆಗೆ ಕೂತ 14 ಮಂದಿಯೂ ಪಾಸ್! ಆ ರಸ್ತೆಬದಿ ಮರಗಳ ಕೆಳಗೂ ಅವರಿಗೆ ಕ್ಲಾಸು. ಲ್ಯಾಬಿನಲ್ಲಿ ಚೆನ್ನಾಗಿ ಓಡಿದ ಮಾಡೆಲ್ ಸೈಟಿನಲ್ಲಿ ಕೈಕೊಟ್ಟಾಗ ನಾವು ಕಲೀತೀವಲ್ಲ, ಆ ಥರದ ಪಾಠ ಅಂದ್ಕೊಳ್ಳಿ.

1930ರ ದಶಕದ ಕೊನೆಗೆ ಸರ್ಕಾರ ಡಿಪ್ಲೊಮಾ ಸಾಲದು, ಎಂಬಿಬಿಎಸ್ಸೇ ಬೇಕು ಅಂದಿತು. ಅಂದರೆ ಇನ್ನಷ್ಟು ಹಾಸಿಗೆ, ಲ್ಯಾಬು, ಪ್ರೊಫೆಸರುಗಳು. ಇಲ್ಲದಿದ್ದರೆ ಸ್ಕೂಲಿಗೆ ಬೀಗ. ಎಪ್ಪತ್ತರ ಅಂಚಿನ ಐಡಾ ದುಡ್ಡಿಗಾಗಿ ಮತ್ತೆ ಅಮೆರಿಕ ಸುತ್ತಿದರು. ಗಂಡುಹುಡುಗರನ್ನೂ ಸೇರಿಸಿಕೊಂಡರೆ ಮಾತ್ರ ಉಳಿಗಾಲ ಅನ್ನಿಸಿದಾಗ, ಹೆಣ್ಣುಮಕ್ಕಳಿಗೆಂದೇ ದುಡ್ಡು ಕೊಟ್ಟಿದ್ದ ಹಳೇ ಗೆಳತಿಯರು ಸಿಟ್ಟಾದರು. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು ಅಂತ ನನಗನ್ನಿಸುತ್ತೆ. ಐಡಾ ಆದರೂ ಒಪ್ಪಿದರು. 1942ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು, 1947ರಲ್ಲಿ ಹುಡುಗರು ಬಂದರು.

1960ರ ಮೇ ತಿಂಗಳಲ್ಲಿ, ಕೊಡೈಕೆನಾಲ್‌ನ ಮನೆಯಲ್ಲಿ ಐಡಾ ತೀರಿಕೊಂಡರು. ಆಗ ಅವರಿಗೆ 89.