ಸರ್ ಎಂ. ವಿಶ್ವೇಶ್ವರಯ್ಯನವರು: ನೀರಿನ ಹಕ್ಕು, ನೀರಿನ ಲೆಕ್ಕ

ಕಾಲುವೆಯ ಅಚ್ಚುಕಟ್ಟಿನಲ್ಲಿ ನೀರು ಕೋರಿ ಬರುವ ರೈತರಿಂದ ಜಮೀನಿನ ಸರ್ವೆ ನಂಬರು ಮತ್ತು ವಿಸ್ತೀರ್ಣದೊಂದಿಗೆ ಬೆಳೆಯ ವಿವರವನ್ನೂ ಪಡೆಯಲಾಗುತ್ತದೆ. ಎದುರಿಗೇ ನೀರು ಹರಿಯುತ್ತಿರುವಾಗ ಇಷ್ಟೆಲ್ಲ ವಿವರವೇಕೆ ಎಂಬ ಆಕ್ಷೇಪ ಹೊಸದೇನಲ್ಲ. ಒಂದು ಶತಮಾನಕ್ಕೂ ಹಿಂದೆ ಪುಣೆ ಪ್ರಾಂತದ ರೈತರು ಇಂತಹುದೇ ಆಕ್ಷೇಪವನ್ನು ಮೈಸೂರು ಸಂಸ್ಥಾನದಿಂದ ಬಂದಿದ್ದ ಇಂಜಿನಿಯರೊಬ್ಬರ ಮುಂದಿಟ್ಟಿದ್ದರು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಹರಿಯುವ ನೀರು ಯಾರದು, ಅದರಲ್ಲಿ ಯಾರಿಗೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆ ಅವರ ಸೇವಾವಧಿಯುದ್ದಕ್ಕೂ ಮತ್ತೆ ಮತ್ತೆ ಎದುರಾಯಿತು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಈ ಮುಖವನ್ನು ಇಲ್ಲಿ ನೀಡಲಾಗಿದೆ.

ವಿಶ್ವೇಶ್ವರಯ್ಯನವರು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ಜನ್ಮವರ್ಷವು 1860 ಎಂದೂ 1861 ಎಂದೂ ಎರಡು ಬಗೆಯಾಗಿ ದಾಖಲಾಗಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗನ ಬಾಲ್ಯದಲ್ಲಿಯೇ ತೀರಿಕೊಂಡರು. ಮಕ್ಕಳಿಗೆ ಪಾಠ ಹೇಳಿ ಬಂದ ಹಣದಿಂದ ಓದು ಮುಂದುವರಿಸಿದ ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ನೇಮಕಗೊಂಡರು.

ಮೊದಲ ವರ್ಷಗಳು ನಾಸಿಕ್ ಹಾಗೂ ಖಾನ್‌ದೇಶ ಭಾಗಗಳಲ್ಲಿ ಕಳೆದವು. 1894-95ರಲ್ಲಿ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದ ಕುಡಿಯುವ ನೀರಿನ ಕಾಮಗಾರಿಯನ್ನು ಅವರಿಗೆ ವಹಿಸಲಾಯಿತು. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿರುತ್ತಿತ್ತು. ಅದನ್ನು ಶೋಧಿಸುವ ದೊಡ್ಡ ಸ್ಥಾವರಕ್ಕೆ ಪುರಸಭೆಯ ಬಳಿ ಹಣವಿರಲಿಲ್ಲ. ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬಂದ ನೀರನ್ನು ಪಂಪಿನಿಂದ ಮೇಲೆತ್ತುವ ವ್ಯವಸ್ಥೆಯನ್ನು ಅವರು ರೂಪಿಸಿದರು. ಸ್ಥಾವರ ಮಾಡಬೇಕಾದ ಕೆಲಸವನ್ನು ಮರಳೇ ಮಾಡಿತು.

ಪುಣೆ ನಗರಕ್ಕೆ ನೀರು ಒದಗಿಸುತ್ತಿದ್ದ ಖಡಕ್‌ವಾಸಲಾ ಜಲಾಶಯದಲ್ಲಿ ಎದುರಾದುದು ಬೇರೆ ತೊಡಕು. ಪ್ರತಿ ಮಳೆಗಾಲದಲ್ಲಿ ಕೋಡಿಯ ಮೇಲೆ ಹೇರಳ ನೀರು ಹರಿದುಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ ಉಂಟಾಗುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸುವುದು ದುಬಾರಿಯಾದ ಕೆಲಸ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಈ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಇವು ಕಾರ್ಯಾರಂಭ ಮಾಡಿದವು. ಈ ಬಾಗಿಲುಗಳಿಗೆ ಪೇಟೆಂಟ್ ದೊರೆತರೂ, ಸರ್ಕಾರಿ ಕರ್ತವ್ಯದಲ್ಲಿದ್ದಾಗ ರೂಪಿಸಿದ್ದೆಂಬ ಕಾರಣದಿಂದ ಅವರು ರಾಜಧನ ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾ ಮತ್ತು ನಮ್ಮ ಕೃಷ್ಣರಾಜಸಾಗರದಲ್ಲಿ ಇದೇ ತತ್ತ್ವದ ಬಾಗಿಲುಗಳನ್ನು ಅಳವಡಿಸಲಾಯಿತು.

ಬಾಗಿಲುಗಳಷ್ಟು ಪ್ರಸಿದ್ಧವಲ್ಲದಿದ್ದರೂ ಅವುಗಳಿಗಿಂತ ಮುಖ್ಯವೆನ್ನಬಹುದಾದುದು ಅದೇ ಕಾಲದಲ್ಲಿ ಅವರು ನೀರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಜಾರಿಗೆ ತಂದ ಬ್ಲಾಕ್ ಪದ್ಧತಿ. ಅಲ್ಲಿಯವರೆಗೆ ಕಾಲುವೆಯ ತಲೆಭಾಗದ ಜಮೀನುದಾರರು ತಮಗೆ ಬೇಕಾದಷ್ಟು ನೀರನ್ನು ಹರಿಸಿಕೊಳ್ಳುತ್ತಿದ್ದರು. ಕಬ್ಬು ಒಂದೆಡೆಯೇ ದಟ್ಟವಾಗಿ ಹಬ್ಬಿ, ಆ ಭೂಮಿ ಜೌಗಾಗುತ್ತಿತ್ತು. ಬಾಲಭಾಗದ ಗ್ರಾಮಗಳಿಗೆ ನೀರು ತಲುಪುವ ಭರವಸೆಯೇ ಇರಲಿಲ್ಲ. ಸರ್ಕಾರಕ್ಕೆ ಕಾಲುವೆಗೆ ಹಾಕಿದ ಬಂಡವಾಳಕ್ಕೆ ತಕ್ಕ ಆದಾಯವೂ ಬರುತ್ತಿರಲಿಲ್ಲ. ಹೊಸ ಪದ್ಧತಿಯಂತೆ ಪ್ರತಿಯೊಂದು ಗ್ರಾಮಕ್ಕೂ ನಿರ್ದಿಷ್ಟ ವಿಸ್ತೀರ್ಣದ ಬ್ಲಾಕುಗಳನ್ನು ಗುರುತಿಸಿ, ಬ್ಲಾಕಿನ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂತಹ ಹೆಚ್ಚು ನೀರಿನ ಬೆಳೆಗೆ, ಉಳಿದ ಭಾಗದಲ್ಲಿ ಕಡಿಮೆ ನೀರಿನ ಬೆಳೆಗಳಿಗೆ ಸರದಿಯ ಪ್ರಕಾರ ಅವಕಾಶ ನೀಡಲಾಯಿತು. ಬದಲಿಗೆ ಬ್ಲಾಕಿನೊಳಗಿನ ಜಮೀನಿಗೆ ಹಲವು ವರ್ಷಗಳ ಅವಧಿಗೆ ನೀರಿನ ಖಾತರಿ ದೊರೆಯಿತು.

ವಿರೋಧ ತೀವ್ರವಾಗಿಯೇ ಇತ್ತು. ಪುಣೆಯ ಕೇಸರಿ ಪತ್ರಿಕೆಯಲ್ಲಿಯೂ ಅದು ಪ್ರಕಟಗೊಂಡಿತು. ತಲೆಭಾಗದವರಿಗೆ ಇದು ತಮ್ಮ ಹಕ್ಕನ್ನು ಕಸಿದುಕೊಂಡಂತೆ ಕಂಡಿತು. ನಿಜಕ್ಕೂ ಅವರ ಕೈಯಲ್ಲಿದ್ದುದು ಹಕ್ಕಲ್ಲ, ಸ್ಥಳದ ಅನುಕೂಲ ಮಾತ್ರ. ವಿಶ್ವೇಶ್ವರಯ್ಯನವರು ರೈತರ ಸಭೆಗಳನ್ನು ನಡೆಸಿ, ಪದ್ಧತಿಯ ವಿವರಗಳನ್ನು ತಿಳಿಯಪಡಿಸಿದರು. ಕ್ರಮೇಣ ವಿರೋಧ ತಗ್ಗಿ ಬ್ಲಾಕ್ ಪದ್ಧತಿ ನೆಲೆಯೂರಿತು.

1906ರಲ್ಲಿ ಏಡನ್ ಬಂದರಿನ ನೀರು ಸರಬರಾಜಿನ ಬಗ್ಗೆ ವರದಿ ನೀಡಿ, 1908ರಲ್ಲಿ ಅವರು ಮುಂಬಯಿ ಸೇವೆಯಿಂದ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ನಿಜಾಮ ಸರ್ಕಾರದ ಆಹ್ವಾನದ ಮೇರೆಗೆ ಅವರು ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಪೂರ್ಣಗೊಂಡ ಉಸ್ಮಾನ್ ಸಾಗರ ಹಾಗೂ 1927ರ ಹಿಮಾಯತ್ ಸಾಗರ ಇದರ ಫಲ. ಪ್ರವಾಹ ತಡೆಯಲು ಕಟ್ಟಿದ ಈ ಕೆರೆಗಳೇ ಆ ನಗರಕ್ಕೆ ಕುಡಿಯುವ ನೀರನ್ನೂ ಒದಗಿಸಿದವು.

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಅಧಿಕಾರ ವಹಿಸಿಕೊಂಡರು. ಇಲ್ಲಿ ಅವರಿಗೆ ಎದುರಾದುದು ರೈತ ರೈತರ ನಡುವಿನ ಹಂಚಿಕೆಯಲ್ಲ, ಎರಡು ಸರ್ಕಾರಗಳ ನಡುವಿನದು. 1892ರ ಒಪ್ಪಂದದ ಪ್ರಕಾರ, ಅನುಸೂಚಿಯಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಸರ್ಕಾರ ಮದ್ರಾಸ್ ಸರ್ಕಾರದ ಪೂರ್ವಸಮ್ಮತಿಯಿಲ್ಲದೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಕೆಳಭಾಗದಲ್ಲಿ ಈಗಾಗಲೇ ಸ್ಥಾಪಿತವಾದ ಬಳಕೆಯ ಹಕ್ಕಿಗೆ ಧಕ್ಕೆಯಾಗುವ ಸಂದರ್ಭ ಹೊರತು ಮದ್ರಾಸ್ ಸಮ್ಮತಿ ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿ ಹೇಳಲಾಗಿತ್ತು. ಕೊಡಗಿನಲ್ಲಿ ಹುಟ್ಟಿ ಮೈಸೂರು ಸಂಸ್ಥಾನದಲ್ಲಿ ಹರಿಯುವ ಕಾವೇರಿಯನ್ನು ಕಟ್ಟಲು ಕೆಳಗಿನವರ ಅನುಮತಿ ಬೇಕಿತ್ತು. ಇತ್ತ ತಂಜಾವೂರಿನ ಬಯಲು ಕಲ್ಲಣೆಯ ಮೂಲಕ ಶತಮಾನಗಳಿಂದ ಅದೇ ನೀರನ್ನು ಉಣ್ಣುತ್ತಿತ್ತು. ಎರಡೂ ಕಡೆಯ ವಾದಕ್ಕೆ ನೆಲೆಯಿತ್ತು ಎಂಬುದನ್ನು ಒಪ್ಪಬೇಕು.

ಮೈಸೂರಿನ ಅಗತ್ಯ ಸ್ಪಷ್ಟವಾಗಿತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದು, ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಉತ್ಪಾದನೆ ಕುಗ್ಗುತ್ತಿತ್ತು. ಮಂಡ್ಯದ ಬಯಲು ಮಳೆಯನ್ನೇ ನೆಚ್ಚಿಕೊಂಡಿತ್ತು. ಕನ್ನಂಬಾಡಿ ಬಳಿ ಎರಡು ಹಂತಗಳಲ್ಲಿ 41.5 ಟಿ.ಎಂ.ಸಿ. ನೀರು ಸಂಗ್ರಹಿಸುವ ಅಣೆಕಟ್ಟಿನ ಯೋಜನೆಯನ್ನು ವಿಶ್ವೇಶ್ವರಯ್ಯನವರು ಸಿದ್ಧಪಡಿಸಿದರು. (ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ.) ವೆಚ್ಚದ ಬಗ್ಗೆ ಸಂಸ್ಥಾನದ ಸರ್ಕಾರದೊಳಗೇ ಹಿಂಜರಿಕೆ ಇತ್ತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್‌ರವರ ಮಂಜೂರಾತಿಯೊಂದಿಗೆ 1911ರಲ್ಲಿ ಕಾಮಗಾರಿ ಆರಂಭವಾಯಿತು.

ಮೆಟ್ಟೂರಿನಲ್ಲಿ ತನ್ನದೇ ಜಲಾಶಯ ಕಟ್ಟಬೇಕೆಂದಿದ್ದ ಮದ್ರಾಸ್ ಸಮ್ಮತಿ ನೀಡಲಿಲ್ಲ. ಭಾರತ ಸರ್ಕಾರ 11 ಟಿ.ಎಂ.ಸಿ. ಸಂಗ್ರಹಕ್ಕೆ ಮಾತ್ರ ಅನುಮತಿಸಿತು. ಆದರೆ ತಳಪಾಯವನ್ನು ಪೂರ್ಣ ಎತ್ತರದ ಅಣೆಕಟ್ಟಿಗೆ ತಕ್ಕಷ್ಟು ಅಗಲವಾಗಿಯೇ ಹಾಕಲಾಯಿತು. ಒಮ್ಮೆ ಕಿರಿದಾಗಿ ಹಾಕಿದ ತಳಪಾಯದ ಮೇಲೆ ಮುಂದೆ ಎತ್ತರಿಸುವುದು ಸಾಧ್ಯವಾಗದು. ಇಂಜಿನಿಯರಿಂಗ್ ದೃಷ್ಟಿಯಿಂದ ಇದು ದೂರದರ್ಶಿತ್ವದ ತೀರ್ಮಾನ. ಅನುಮತಿಯ ದೃಷ್ಟಿಯಿಂದ ನೋಡಿದಾಗ ಮದ್ರಾಸಿನ ಸಂಶಯವೂ ಅಕಾರಣವಾಗಿರಲಿಲ್ಲ. ವಿವಾದ ಮಧ್ಯಸ್ಥಿಕೆಗೆ ಹೋಯಿತು. 1914ರ ಮೇ 12ರಂದು ನ್ಯಾಯಮೂರ್ತಿ ಗ್ರಿಫಿನ್‌ರವರು ನೀಡಿದ ತೀರ್ಪು ಬಹುಮಟ್ಟಿಗೆ ಮೈಸೂರಿನ ಪರವಾಗಿತ್ತು. ಭಾರತ ಸರ್ಕಾರ ಅದನ್ನು ಅಂಗೀಕರಿಸಿದರೂ ಮದ್ರಾಸ್ ಮೇಲ್ಮನವಿ ಸಲ್ಲಿಸಿದ್ದರಿಂದ ವಿಷಯ ಮತ್ತೆ ಹತ್ತು ವರ್ಷ ಎಳೆಯಿತು.

ಈ ನಡುವೆ 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಮೈಸೂರು ಬ್ಯಾಂಕ್ 1913ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಗೊಂಡವು. ಬ್ರಾಹ್ಮಣೇತರ ಸಮುದಾಯಗಳಿಗೆ ಸರ್ಕಾರಿ ನೇಮಕಾತಿಯಲ್ಲಿ ಪ್ರಾತಿನಿಧ್ಯ ಕಲ್ಪಿಸುವ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯದಿಂದ 1918ರ ಕೊನೆಗೆ ಅವರು ಹುದ್ದೆಯಿಂದ ಹೊರನಡೆದರು. ಅಣೆಕಟ್ಟು ಪೂರ್ಣಗೊಂಡಿದ್ದು 1931ರಲ್ಲಿ, ಅವರ ನಂತರದ ಇಂಜಿನಿಯರುಗಳ ಉಸ್ತುವಾರಿಯಲ್ಲಿ. ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಿ ಕಲ್ಲಿನ ಮೇಲೆ ಕಲ್ಲಿಟ್ಟವರು ಸಾವಿರಾರು ಕಾರ್ಮಿಕರು. ಹಳೆಯ ಕನ್ನಂಬಾಡಿಯೂ ಸೇರಿ ಹಲವು ಗ್ರಾಮಗಳು ಮುಳುಗಡೆಯಾಗಿ, ಅಲ್ಲಿನ ಜನರು ಮನೆ ಜಮೀನುಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ನೀರು ಇಳಿದ ವರ್ಷಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಇತ್ತೀಚಿನ ದಶಕಗಳಲ್ಲಿ ಹಿನ್ನೀರಿನ ದಡದಲ್ಲಿ ಮರುನಿರ್ಮಿಸಲಾಗಿದೆ.

1924ರ ಫೆಬ್ರವರಿ 18ರ ಒಪ್ಪಂದದಿಂದ ಮೈಸೂರಿಗೆ ಪೂರ್ಣ ಎತ್ತರದ ಜಲಾಶಯವೂ, ಮದ್ರಾಸಿಗೆ 93.5 ಟಿ.ಎಂ.ಸಿ. ಸಾಮರ್ಥ್ಯದ ಮೆಟ್ಟೂರು ಜಲಾಶಯವೂ ದೊರೆತವು. ಅಗಲವಾಗಿ ಹಾಕಿದ್ದ ತಳಪಾಯ ಆಗ ಉಪಯೋಗಕ್ಕೆ ಬಂದಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಭೂಮಿಯನ್ನು ತಲುಪಿತು. ಆ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ.

ನಂತರದ ವರ್ಷಗಳಲ್ಲಿ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ನೋಡಿಕೊಂಡರು. 1930ರ ದಶಕದ ಕೊನೆಯಲ್ಲಿ ಒರಿಸ್ಸಾದ ಮಹಾನದಿ ಪ್ರವಾಹದ ಬಗ್ಗೆ ವರದಿ ಸಿದ್ಧಪಡಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಲಭಿಸಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನೆರವೇರಿತು.

1924ರ ಒಪ್ಪಂದದ 50 ವರ್ಷಗಳ ಅವಧಿ 1974ರಲ್ಲಿ ಮುಗಿದ ಮೇಲೆ ಹಂಚಿಕೆಯ ಪ್ರಶ್ನೆ ಮತ್ತೆ ತೆರೆದುಕೊಂಡಿತು. 1990ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2007ರಲ್ಲಿ ಅಂತಿಮ ತೀರ್ಪು ನೀಡಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅಂತರರಾಜ್ಯ ನದಿ ರಾಷ್ಟ್ರದ ಸಂಪತ್ತಾಗಿದ್ದು, ಯಾವುದೇ ಒಂದು ರಾಜ್ಯ ಅದರ ಪೂರ್ಣ ಒಡೆತನವನ್ನು ಹೇಳಿಕೊಳ್ಳುವಂತಿಲ್ಲವೆಂದು ಸ್ಪಷ್ಟಪಡಿಸಿ, ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ.ಗೆ ನಿಗದಿಪಡಿಸಿತು. ಇದರಲ್ಲಿ 4.75 ಟಿ.ಎಂ.ಸಿ.ಯನ್ನು ಬೆಂಗಳೂರು ನಗರದ ಕುಡಿಯುವ ಮತ್ತು ಗೃಹಬಳಕೆಯ ನೀರಿಗಾಗಿ ಹೆಚ್ಚುವರಿಯಾಗಿ ನೀಡಲಾಗಿದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಮಳೆಗಾಲದಲ್ಲಿ ಪ್ರತಿದಿನದ ನೀರಿನ ಮಟ್ಟವು ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ.