ಬೆಳಕನ್ನೇ ಮದ್ದು ಮಾಡಿದ ನೀಲ್ಸ್ ಫಿನ್ಸೆನ್: ಕತ್ತಲ ನಾಡಿನ ರೋಗಿಯೊಬ್ಬ ವೈದ್ಯನಾದ ಕಥೆ

ಹೊಸಂಗಡಿ, ಮಂಜೇಶ್ವರ, ಉಪ್ಪಳ ಕಡೆಯವರಿಗೆ ಬಿಸಿಲಿನ ಬೆಲೆ ಗೊತ್ತಾಗುವುದು ಆಟಿ ತಿಂಗಳಲ್ಲಿ. ನಾಲ್ಕು ದಿನ ಬಿಡದೆ ಮಳೆ ಹೊಡೆದರೆ ಹಗಲಲ್ಲೇ ಲೈಟ್ ಹಾಕಬೇಕು. ಬಟ್ಟೆ ಒಣಗುವುದಿಲ್ಲ, ಮನಸ್ಸಿಗೂ ಒಂಥರಾ ಮಂಕು ಹಿಡಿಯುತ್ತದೆ. ಆದರೂ ಮೋಡ ಸರಿದರೆ ಬಿಸಿಲು ಬಂದೇ ಬರುತ್ತದೆ. ಡಿಸೆಂಬರ್‌ನಲ್ಲಿ ಕೂಡ ಇಲ್ಲಿ 11 ಗಂಟೆಗಿಂತ ಹೆಚ್ಚು ಹೊತ್ತು ಹಗಲು.

ಗಲ್ಫ್‌ಗೆ ಹೋದವರಿಗೂ ಬಿಸಿಲಿನ ಕೊರತೆ ಇಲ್ಲ. ಆದರೆ ಓದು, ಕೆಲಸ ಅಂತ ಬ್ರಿಟನ್, ಕೆನಡಾ ಕಡೆಗೆ ಹೋಗುವ ಯುವಕ ಯುವತಿಯರ ಪರಿಸ್ಥಿತಿ ಬೇರೆ. ಡಿಸೆಂಬರ್ ಕೊನೆಯಲ್ಲಿ ಲಂಡನ್‌ನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಸಂಜೆ ನಾಲ್ಕಾಗುವ ಮೊದಲೇ ಮಗ್ರಿಬ್ ಆಗಿರುತ್ತದೆ. ಕೆಲವರಿಗೆ ಆ ತಿಂಗಳುಗಳಲ್ಲಿ ಎಷ್ಟು ಮಲಗಿದರೂ ನಿದ್ದೆ ಮುಗಿಯುವುದಿಲ್ಲ, ಸಿಹಿ ಮತ್ತು ಅನ್ನ, ಬ್ರೆಡ್‌ನಂಥ ತಿಂಡಿಗಳ ಮೇಲೆ ಆಸೆ ಹೆಚ್ಚುತ್ತದೆ, ಯಾರ ಜೊತೆಯೂ ಮಾತು ಬೇಡ ಅನಿಸುತ್ತದೆ. ಊರಲ್ಲಿ ಮನೆಯವರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ, ಇಲ್ಲವೇ ಮನೆ ನೆನಪು ಅಂದುಕೊಳ್ಳುತ್ತಾರೆ. ವೈದ್ಯರು ಮಾತ್ರ ಇದಕ್ಕೆ ಋತುಮಾನದ ಖಿನ್ನತೆ ಎಂಬ ಹೆಸರಿಟ್ಟಿದ್ದಾರೆ. ಅದಕ್ಕೆ ಬೆಳಕಿನ ಚಿಕಿತ್ಸೆಯೂ ಇದೆ. ಬೆಳಕನ್ನು ವಿಜ್ಞಾನದ ರೀತಿಯಲ್ಲಿ ಔಷಧಿಯಾಗಿ ಬಳಸಬಹುದು ಎಂದು ಜಗತ್ತನ್ನು ಮೊದಲು ಒಪ್ಪಿಸಿದವರು ನೀಲ್ಸ್ ಫಿನ್ಸೆನ್.

ಫಿನ್ಸೆನ್ ಹುಟ್ಟಿದ್ದು 1860ರ ಡಿಸೆಂಬರ್ 15ರಂದು, ಫ್ಯಾರೋ ದ್ವೀಪಗಳ ತೋರ್ಸ್‌ಹಾವ್ನ್ ಎಂಬ ಊರಿನಲ್ಲಿ. ಇದು ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಸಮುದ್ರದಲ್ಲಿ ಡೆನ್ಮಾರ್ಕ್‌ಗೆ ಸೇರಿದ ದ್ವೀಪಗಳ ಗುಂಪು. ವರ್ಷವಿಡೀ ಮೋಡ, ಮಳೆ, ಗಾಳಿ. ಅವರು ಹುಟ್ಟಿದ ಆ ದಿನಗಳಲ್ಲಿ ಅಲ್ಲಿ ಹಗಲು ಇರುವುದು ಸುಮಾರು 5 ಗಂಟೆ ಮಾತ್ರ. ತಂದೆ ಸರ್ಕಾರಿ ಅಧಿಕಾರಿ, ಮುಂದೆ ದ್ವೀಪಗಳ ಆಡಳಿತದ ಮುಖ್ಯಸ್ಥರಾದವರು. ಫಿನ್ಸೆನ್‌ಗೆ ಇನ್ನೂ ನಾಲ್ಕು ವರ್ಷ ತುಂಬುವ ಹೊತ್ತಿಗೆ ತಾಯಿ ತೀರಿಕೊಂಡರು.

ಓದಿನಲ್ಲಿ ಅವರು ಮುಂದೆ ಇರಲಿಲ್ಲ. ಡೆನ್ಮಾರ್ಕ್‌ನ ಹೆರ್ಲುಫ್ಸ್‌ಹೋಮ್ ಎಂಬ ವಸತಿ ಶಾಲೆಗೆ ಕಳಿಸಿದರೆ, ಹುಡುಗ ಒಳ್ಳೆಯವನೇ, ಆದರೆ ಬುದ್ಧಿಯೂ ಕಮ್ಮಿ, ಚುರುಕೂ ಕಮ್ಮಿ ಎಂಬ ಅರ್ಥದ ವರದಿ ಮನೆಗೆ ಬಂತು. 1876ರಲ್ಲಿ ತಂದೆ ಅವರನ್ನು ತಮ್ಮ ಮೂಲ ನಾಡಾದ ಐಸ್‌ಲ್ಯಾಂಡ್‌ನ ರೇಕ್ಯಾವಿಕ್ ಶಾಲೆಗೆ ಸೇರಿಸಿದರು. ಅಲ್ಲಿ ಚಳಿಗಾಲದ ಹಗಲು ಇನ್ನೂ ಚಿಕ್ಕದು. 1882ರಲ್ಲಿ ಅಲ್ಲಿಂದ ಪಾಸಾದಾಗ 15 ಮಂದಿಯಲ್ಲಿ ಅವರದು 11ನೇ ಸ್ಥಾನ. ಆ ಅಂಕದ ಹುಡುಗನೇ ಮುಂದೆ ನೊಬೆಲ್ ಪಡೆಯುತ್ತಾನೆ ಎಂದು ಆಗ ಯಾರೂ ಹೇಳುವಂತಿರಲಿಲ್ಲ.

ಅದೇ ವರ್ಷ ವೈದ್ಯಕೀಯ ಓದಲು ಕೋಪನ್‌ಹೇಗನ್‌ಗೆ ಬಂದರು. ಒಂದೆರಡು ವರ್ಷದಲ್ಲೇ ಕಾಯಿಲೆ ಶುರುವಾಯಿತು. ಹೃದಯ, ಯಕೃತ್ತು, ಗುಲ್ಮಗಳ ಹೊರಪೊರೆ ನಿಧಾನವಾಗಿ ದಪ್ಪಗಟ್ಟುವ ಗುಣವಾಗದ ರೋಗ ಅದು. ರಕ್ತಹೀನತೆ, ಸದಾ ಆಯಾಸ, ಹೊಟ್ಟೆಯಲ್ಲಿ ನೀರು ತುಂಬುವುದು. ಅವರ ಕೋಣೆ ಉತ್ತರಕ್ಕೆ ಮುಖ ಮಾಡಿದ್ದರಿಂದ ಒಳಗೆ ಬಿಸಿಲೇ ಬೀಳುತ್ತಿರಲಿಲ್ಲ. ಬಿಸಿಲಲ್ಲಿ ಹೋಗಿ ಕೂತ ದಿನ ದೇಹ ಸ್ವಲ್ಪ ಹಗುರ ಅನಿಸುವುದನ್ನು ಅವರು ಗಮನಿಸಿದರು. ಮಾಡಿನ ಮೇಲೆ ಮಲಗಿದ್ದ ಬೆಕ್ಕೊಂದು ನೆರಳು ಹತ್ತಿರ ಬಂದಂತೆಲ್ಲ ಎದ್ದು ಮತ್ತೆ ಬಿಸಿಲಿಗೇ ಸರಿಯುತ್ತಿದ್ದುದೂ ಅವರ ಕಣ್ಣಿಗೆ ಬಿತ್ತು.

ಬಿಸಿಲಿಗೆ ಕೂತರೆ ಹಿತ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಫಿನ್ಸೆನ್ ಅಲ್ಲಿಗೆ ನಿಲ್ಲಲಿಲ್ಲ. ಬೆಳಕಿನಲ್ಲಿ ಯಾವ ಭಾಗ ದೇಹದ ಮೇಲೆ ಏನು ಮಾಡುತ್ತದೆ ಅಂತ ಕೇಳಿದರು. ತಮ್ಮ ತೋಳಿನ ಮೇಲೆ ಶಾಯಿಯಿಂದ ಪಟ್ಟಿ ಬಳಿದು ಬಿಸಿಲಿಗೆ ಹಿಡಿದರು. ಸುತ್ತಲಿನ ಚರ್ಮ ಕೆಂಪಾಯಿತು, ಶಾಯಿಯ ಕೆಳಗೆ ಬಿಳಿಯಾಗಿಯೇ ಉಳಿಯಿತು. ಚರ್ಮ ಸುಡುವುದು ಬಿಸಿಲಿನ ಶಾಖದಿಂದಲ್ಲ, ಅದರ ನೀಲಿ, ನೇರಳೆ ಮತ್ತು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಂದ ಎಂಬುದು ಇಂಥ ಪ್ರಯೋಗಗಳಿಂದ ಖಚಿತವಾಗುತ್ತಾ ಹೋಯಿತು.

1890ರಲ್ಲಿ ಡಾಕ್ಟರಾದ ಅವರಿಗೆ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗದಲ್ಲಿ ಕೆಲಸ ಸಿಕ್ಕಿತು. 1892ರ ಕೊನೆಗೆ ಇಂಗೆಬೋರ್ಗ್ ಬಾಲ್ಸ್ಲೆವ್ ಅವರನ್ನು ಮದುವೆಯಾದರು. ಮರುವರ್ಷವೇ, ಮನೆಯ ಜವಾಬ್ದಾರಿ ಇದ್ದರೂ, ಆರೋಗ್ಯ ಕೆಡುತ್ತಿದ್ದರೂ, ಸಂಬಳದ ಕೆಲಸ ಬಿಟ್ಟು ಪೂರ್ತಿ ಬೆಳಕಿನ ಸಂಶೋಧನೆಗೆ ಇಳಿದರು.

ಆ ಕಾಲದಲ್ಲಿ ಯುರೋಪಿನ ಜನರನ್ನು ಕಾಡುತ್ತಿದ್ದ ಒಂದು ರೋಗ ಚರ್ಮದ ಕ್ಷಯ. ಮುಖ, ಮೂಗು, ಕೆನ್ನೆಯನ್ನೇ ಅದು ತಿಂದುಹಾಕುತ್ತಿತ್ತು. ರೋಗಿಗಳು ಮುಖ ಮುಚ್ಚಿಕೊಂಡು, ಕೆಲಸ ಕಳಕೊಂಡು, ಮನೆಯೊಳಗೇ ಉಳಿಯುತ್ತಿದ್ದರು. 1895ರ ನವೆಂಬರ್‌ನಲ್ಲಿ ಫಿನ್ಸೆನ್, ಬೇರೆ ಚಿಕಿತ್ಸೆಗಳಿಂದ ಗುಣವಾಗದೆ ಸೋತಿದ್ದ ಒಬ್ಬ ಇಂಜಿನಿಯರ್‌ಗೆ ಚಿಕಿತ್ಸೆ ಶುರು ಮಾಡಿದರು. ಅವರಿಗೆ ಜಾಗ ಸಿಕ್ಕಿದ್ದು ಕೋಪನ್‌ಹೇಗನ್‌ನ ವಿದ್ಯುತ್ ಕಂಪನಿಯ ಕಟ್ಟಡದಲ್ಲಿ. ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಪ್ರಖರ ದೀಪ, ಬೆಳಕನ್ನು ಒಂದೇ ಕಡೆ ಕೂಡಿಸುವ ಮಸೂರ, ಶಾಖ ತಗ್ಗಿಸಲು ನೀರು. ದಿನವೂ ಹೊತ್ತು ಹೊತ್ತು ಕೂರಬೇಕು, ತಿಂಗಳುಗಟ್ಟಲೆ. ಆ ರೋಗಿಯ ಮುಖ ವಾಸಿಯಾಗುತ್ತಾ ಬಂತು.

1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಫಿನ್ಸೆನ್ ಬೆಳಕು ಸಂಸ್ಥೆ ಆರಂಭವಾಯಿತು. ಮೊದಲ ಐದಾರು ವರ್ಷದಲ್ಲೇ ಅಲ್ಲಿ ಚರ್ಮದ ಕ್ಷಯದ ಸುಮಾರು 800 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು. ಹೆಚ್ಚಿನವರು ಗುಣವಾದರು. ಡೆನ್ಮಾರ್ಕ್ ರಾಜಮನೆತನದಿಂದ ಬ್ರಿಟನ್‌ಗೆ ಸೊಸೆಯಾಗಿ ಹೋಗಿದ್ದ ಅಲೆಕ್ಸಾಂಡ್ರಾ ಅವರು 1900ರಲ್ಲಿ ಈ ದೀಪವನ್ನು ಲಂಡನ್ ಆಸ್ಪತ್ರೆಗೂ ತಲುಪಿಸಿದರು.

ಫಿನ್ಸೆನ್ ಹೇಳಿದ್ದೆಲ್ಲ ಉಳಿಯಲಿಲ್ಲ ಎಂಬುದೂ ಸತ್ಯ. ಸಿಡುಬು ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿ ಇಟ್ಟರೆ ಕಲೆ ಕಮ್ಮಿಯಾಗುತ್ತದೆ ಎಂಬ ಅವರ ಸಲಹೆಯನ್ನು ವೈದ್ಯಲೋಕ ಆಮೇಲೆ ಕೈಬಿಟ್ಟಿತು. ಆಂಟಿಬಯಾಟಿಕ್ ಬಂದ ಮೇಲೆ ಚರ್ಮದ ಕ್ಷಯಕ್ಕೂ ದೀಪ ಬೇಕಾಗಲಿಲ್ಲ. ಅವರ ಸ್ವಂತ ಕಾಯಿಲೆಯನ್ನಂತೂ ಯಾವ ಬೆಳಕೂ ವಾಸಿ ಮಾಡಲಿಲ್ಲ. ಆದರೆ ಬೆಳಕನ್ನು ಅಳೆದು, ಬೇಕಾದ ಕಿರಣ ಆರಿಸಿ, ಇಂತಿಷ್ಟು ಹೊತ್ತು ಅಂತ ಲೆಕ್ಕ ಹಾಕಿ ಕೊಡಬಹುದು ಎಂಬ ಅವರ ದಾರಿ ಉಳಿಯಿತು.

1903ರಲ್ಲಿ ವೈದ್ಯಕೀಯದ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಆಗ ಅವರು ಗಾಲಿಕುರ್ಚಿಯಲ್ಲಿದ್ದರು, ಸ್ವೀಡನ್‌ಗೆ ಹೋಗುವ ಶಕ್ತಿ ಇರಲಿಲ್ಲ. ಬಂದ ಹಣದಲ್ಲಿ 50,000 ಕ್ರೋನರ್ ಬೆಳಕು ಸಂಸ್ಥೆಗೆ, 60,000 ಕ್ರೋನರ್ ಹೃದಯ ಮತ್ತು ಯಕೃತ್ತಿನ ರೋಗಿಗಳಿಗಾಗಿ ತಾವೇ ಕಟ್ಟಿದ್ದ ಚಿಕಿತ್ಸಾಲಯಕ್ಕೆ ಕೊಟ್ಟರು. ತಮ್ಮ ದೇಹದಲ್ಲಿ ಉಪ್ಪು ಹೇಗೆ ಸೇರುತ್ತಿದೆ ಎಂದು ತಾವೇ ಅಳೆದು 1904ರಲ್ಲಿ ಕೊನೆಯ ಲೇಖನ ಬರೆದರು. ಅದೇ ವರ್ಷ ಸೆಪ್ಟೆಂಬರ್ 24ರಂದು ತೀರಿಕೊಂಡರು. ವಯಸ್ಸು 43.

ಫಿನ್ಸೆನ್ ಬೆಳಕು ಕೊಟ್ಟದ್ದು ಚರ್ಮಕ್ಕೆ. ಮನಸ್ಸಿನ ಮಂಕಿಗೆ ಬೆಳಕು ಬಂದದ್ದು ಅವರು ಹೋಗಿ 80 ವರ್ಷದ ಮೇಲೆ. ಪ್ರಖರ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ಹಾರ್ಮೋನ್ ಮೆಲಟೋನಿನ್ ಇಳಿಯುತ್ತದೆ ಎಂದು 1980ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಋತುಮಾನದ ಖಿನ್ನತೆಯನ್ನು ವಿವರಿಸಿ ಅದಕ್ಕೆ ಬೆಳಕಿನ ಚಿಕಿತ್ಸೆಯನ್ನೂ ಪ್ರಯೋಗಿಸಿದರು. ರೋಸೆಂಥಾಲ್ ಕೂಡ ಬಿಸಿಲ ನಾಡಾದ ದಕ್ಷಿಣ ಆಫ್ರಿಕಾದಿಂದ ನ್ಯೂಯಾರ್ಕ್‌ಗೆ ಬಂದು, ಚಳಿಗಾಲದಲ್ಲಿ ತಾವೇ ಕುಗ್ಗಿದ್ದವರು.

ಈಗ ಬಳಸುವ ಲೈಟ್ ಬಾಕ್ಸ್ ಸಾಮಾನ್ಯವಾಗಿ 10,000 ಲಕ್ಸ್‌ನದು. ಮನೆಯೊಳಗಿನ ಬಲ್ಬಿನ ಬೆಳಕು ಕೆಲವು ನೂರು ಲಕ್ಸ್ ದಾಟುವುದು ಕಷ್ಟ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ, 20ರಿಂದ 30 ನಿಮಿಷ, ಬಾಕ್ಸಿನ ಎದುರು ಕೂತು ಓದಬಹುದು, ತಿಂಡಿ ತಿನ್ನಬಹುದು. ದೀಪವನ್ನೇ ದಿಟ್ಟಿಸಬಾರದು. ಫಿನ್ಸೆನ್ ಬಯಸಿದ ಅತಿನೇರಳೆ ಕಿರಣ ಇಲ್ಲಿ ಬೇಡವೇ ಬೇಡ, ಅದನ್ನು ಸೋಸಿರುವ ಬಾಕ್ಸೇ ಆಗಬೇಕು. ಕಣ್ಣಿನ ತೊಂದರೆ ಇದ್ದವರು, ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಬಾಕ್ಸ್ ಇಲ್ಲದವರಿಗೆ ಬೆಳಗಿನ ಹೊತ್ತು ಹೊರಗೆ ನಡೆಯುವುದೂ ಉಪಕಾರಿ. ಮೋಡ ಕವಿದ ದಿನದ ಹೊರಬೆಳಕು ಕೂಡ ಕೋಣೆಯ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಮಾತ್ರ ದೀಪವನ್ನು ನಂಬಿ ಕೂರಬಾರದು, ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.

ಕೋಪನ್‌ಹೇಗನ್‌ನ ದೊಡ್ಡ ಆಸ್ಪತ್ರೆಯ ಬಳಿ ಫಿನ್ಸೆನ್ ಸ್ಮಾರಕವಿದೆ. ಬೆಳಕಿನ ಕಡೆಗೆ ಎಂಬುದು ಅದರ ಹೆಸರು. ಶಾಲೆಯಲ್ಲಿ ಚುರುಕಿಲ್ಲದವನು ಅನ್ನಿಸಿಕೊಂಡ ಆ ಮನುಷ್ಯ ತನ್ನ ಆಯಾಸಕ್ಕೆ ನಾಚಲಿಲ್ಲ, ಅದಕ್ಕೆ ಕಾರಣ ಹುಡುಕಿದ. ದೂರದ ದೇಶದ ಚಳಿಗಾಲದಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿಗೆ, ಅವರ ಫೋನಿಗೆ ಕಾಯುವ ಹೊಸಂಗಡಿಯ ಮನೆಯವರಿಗೆ ಆ ಬದುಕಿನಿಂದ ಸಿಗುವುದು ಇಷ್ಟು: ಬೈಯುವ ಮೊದಲು, ಮಗು ದಿನಕ್ಕೆ ಎಷ್ಟು ಹೊತ್ತು ಹಗಲು ನೋಡುತ್ತಿದೆ ಅಂತ ಒಮ್ಮೆ ಕೇಳಿ.